ಹೇಳುವ ತನಕ ಕಾಲೆತ್ತಬೇಡ

ಸಂಜೆಗೇ ಕತ್ತಲು ಕವಿಯುವಷ್ಟು ಮಳೆ ಹಿಡಿದಿತ್ತು. ಗ್ಯಾರೇಜಿನ ತಗಡಿನ ಮಾಡಿನ ಮೇಲೆ ಬೀಳುತ್ತಿದ್ದ ನೀರಿನ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ, ರಿಪೇರಿಗೆ ಬಿಟ್ಟ ಗಾಡಿಗಳಿಗಾಗಿ ಕಾದಿದ್ದವರೆಲ್ಲ ಸೀಟು ಹೊಲಿಯುವ ಅಜ್ಜನ ಮೂಲೆಗೆ ಬಂದು ಹಳೇ ಟೈರುಗಳ ಮೇಲೆ ಮುದುರಿ ಕುಳಿತರು. ಟ್ಯಾಕ್ಸಿಯವನೊಬ್ಬ ಮಾತ್ರ ನಿಂತೇ ಇದ್ದ. ಅವನ ಗಾಡಿ ಹಳೆಯದು. ಬ್ರೇಕಿನಲ್ಲಿ ಗಾಳಿ ಸೇರಿ ಪೆಡಲ್ ಮೆತ್ತಗಾಗಿತ್ತು.

“ಪೆಡಲ್ ಒತ್ತೋಕೆ ಜನ ಇಲ್ಲ, ನಾಳೆ ಬನ್ನಿ ಅಂತಾರೆ. ಒತ್ತೋದೇನು ಮಹಾ ಕೆಲಸ? ನಾನೇ ಒತ್ತುತ್ತಿದ್ದೆ,” ಎಂದು ಗೊಣಗಿದ.

ಅಜ್ಜ ದಬ್ಬಣವನ್ನು ರೆಕ್ಸಿನಿಗೆ ಚುಚ್ಚಿಟ್ಟ.

“ಕೂತ್ಕೊಳಪ್ಪಾ. ಒತ್ತೋದು ಯಾರು ಬೇಕಾದ್ರೂ ಒತ್ತುತಾರೆ. ಎತ್ತೋದು... ಈ ಜಾಗದಲ್ಲಿ ಮೊದಲು ಒಬ್ಬ ಮೇಸ್ತ್ರಿ ಇದ್ದ. ಆಮೆ ಮೇಸ್ತ್ರಿ ಅಂತಿದ್ವಿ. ಗಾಡಿ ಕೆಳಗೆ ನುಗ್ಗಿದ್ರೆ ಯಾವಾಗ ಹೊರಗೆ ಬರ್ತಾನೋ ಆ ದೇವರಿಗೇ ಗೊತ್ತು. ಎಷ್ಟೋ ಸಲ ಅಲ್ಲೇ ಗೊರಕೆ ಹೊಡೀತಿದ್ದ. ಬ್ರೇಕಿನ ಕೆಲಸ ಬಂದ್ರೆ ಮಾತ್ರ ಹೆಂಡತೀನೂ ಬೇಕು. ಯಾಕೆ ಅಂತೀರಾ? ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಕೆಳಗೊಬ್ಬರು ಚಕ್ರದ ಹತ್ರ ನಿಪ್ಪಲ್ ಅನ್ನೋ ಸಣ್ಣ ತಿರುಪು ಸಡಿಲ ಮಾಡಬೇಕು, ಆಗ ಆಯಿಲ್ ಜೊತೆ ಗಾಳಿ ಗುಳ್ಳೆಗುಳ್ಳೆಯಾಗಿ ಆಚೆ ಬರುತ್ತೆ. ನಿಪ್ಪಲ್ ಬಿಗಿ ಮಾಡಿ ‘ಬಿಡು’ ಅಂದ ಮೇಲೇ ಮೇಲಿನವರು ಕಾಲೆತ್ತಬೇಕು. ಮುಂಚೆ ಎತ್ತಿದ್ರೋ... ಹೊರಗಿನ ಗಾಳಿಯೆಲ್ಲ ಒಳಗೆ, ಮಾಡಿದ್ದೆಲ್ಲ ದಂಡ.

“ಒಂದಿನ ಅವರದೇ ಗಾಡಿಯ ಬ್ರೇಕು. ಮಗಳ ಮನೆಗೆ ಹೋಗೋದಿತ್ತು. ಬೆಳಿಗ್ಗೆ ಇವಳಿಗೆ ಸೀನು ಬಂತು, ಕಾಲೆತ್ತಿಬಿಟ್ಟಳು. ‘ನಿನ್ನ ಕಾಲಿಗೇನು ಇರುವೆ ಕಚ್ತೇನೇ? ನಾನು ಹೇಳೋ ತನಕ ಎತ್ತಬೇಡ!’ ಅಂತ ಅವನು ಕೆಳಗಿನಿಂದಲೇ ಕೂಗಾಡಿದ. ಇವಳೇನು ಕಮ್ಮಿಯೇ? ‘ಆಯ್ತು ದೊರೆ, ನೀವು ಹೇಳೋಕೆ ಮುಂಚೆ ಎತ್ತಿದ್ರೆ ಕೇಳಿ,’ ಅಂದ್ಲು.

“ಮತ್ತೆ ಒತ್ತಿದ್ಲು. ‘ಹಿಡಿ,’ ಅಂದ. ಪೆಡಲ್ ತಳಕ್ಕಿಳೀತು. ಹಿಡಿದ್ಲು... ಕಾದ್ಲು... ‘ಬಿಡು’ ಅನ್ನಲೇ ಇಲ್ಲ. ‘ರೀ, ಗೊರಕೆ ಶುರುವಾಯ್ತಾ?’ ಅಂತ ಚುಚ್ಚಿದ್ಲು. ಉಸಿರಿಲ್ಲ. ಬೇಕಂತಲೇ ಸತಾಯಿಸ್ತಿದಾರೆ, ನೋಡೇಬಿಡೋಣ ಯಾರು ಸೋಲ್ತಾರೆ ಅಂತ, ತೊಡೆ ನಡುಗಿ ಕಾಲು ಮರಗಟ್ಟಿದ್ರೂ ಹಟ ಬಿಡಲಿಲ್ಲ ಕಣ್ರಪ್ಪಾ. ಮಧ್ಯಾಹ್ನ ಮೇಸ್ತ್ರಿಯ ತಮ್ಮ ಬಂದು, ಬಗ್ಗಿ ನೋಡಿ, ಕಿರುಚಿದ. ಅಣ್ಣನ ಎದೆಬಡಿತ ನಿಂತಿತ್ತು. ಡಾಕ್ಟರು ಏನಂದ್ರು ಗೊತ್ತಾ? ಎದೆ ಹಿಡಿದ ಕೂಡಲೇ ಯಾರಾದ್ರೂ ನೋಡಿದ್ರೆ ಉಳೀತಿದ್ದ, ಅಂದ್ರು. ನೋಡೋಕೆ ಏನು ಬೇಕಿತ್ತು ಹೇಳಿ? ಕಾಲೆತ್ತಿ, ಇಳಿದು, ಬಗ್ಗಿದ್ರೆ ಸಾಕಿತ್ತು...”

ಟ್ಯಾಕ್ಸಿಯವನು ಯಾವಾಗ ಕುಳಿತನೋ ಅವನಿಗೇ ಗೊತ್ತಿರಲಿಲ್ಲ.

“ಆಮೇಲೆ ಅವಳು ಮನೇಲಿ ನಿಲ್ಲಲಿಲ್ಲ. ಹೋಗಿ ಆ ಗಾಡೀಲಿ ಕೂತು ಪೆಡಲ್ ಒತ್ತಿ ಹಿಡಿದಿರೋಳು. ಯಾಕಮ್ಮಾ ಅಂದ್ರೆ, ‘ಹಿಡಿ ಅಂತಿದಾರೆ ಅಣ್ಣಾ. ಬಿಡು ಅಂತಿಲ್ಲ,’ ಅನ್ನೋಳು. ಮೈದುನ ಒಂದು ಉಪಾಯ ಹೂಡಿದ. ಗಾಡಿ ಕೆಳಗೆ ನುಗ್ಗಿ, ಥೇಟ್ ಅಣ್ಣನ ದನಿಯಲ್ಲೇ ‘ಬಿಡು’ ಅಂತ ಕೂಗಿದ. ಅತ್ತಿಗೆ ಕಾಲೆತ್ತಿದ್ಲು... ಪೆಡಲ್ ಮೇಲೆ ಬರಲಿಲ್ಲ. ಕೆಳಗೆ, ಆ ಇಕ್ಕಟ್ಟಲ್ಲಿ, ಮೈದುನನ ಪಕ್ಕದಲ್ಲೇ ಯಾರೋ ಮಗ್ಗಲು ಬದಲಿಸಿದ ಹಾಗಾಯ್ತು. ‘ನಾನು ಹೇಳಿಲ್ವಲ್ಲ,’ ಅಂತ ಕಿವಿಯ ಹತ್ರವೇ ಕೇಳಿಸ್ತು. ಹೊರಗೆ ಬಂದವನು ಮತ್ತೆ ಸ್ಪ್ಯಾನರ್ ಮುಟ್ಟಲಿಲ್ಲ. ಅವಳು ಕಾಲನ್ನ ತಿರುಗಿ ಪೆಡಲ್ ಮೇಲಿಟ್ಟಳು. ಕೊನೆಗೆ ಆ ಸೀಟಲ್ಲೇ ಜೀವ ಬಿಟ್ಟಳು.”

“ಹೆಂಡತಿ ಮೇಲೆ ಅಷ್ಟೊಂದು ಸಿಟ್ಟೇ ಅಜ್ಜಾ?” ಟ್ಯಾಕ್ಸಿಯವನು ಕೇಳಿದ.

“ಸಿಟ್ಟಲ್ಲಪ್ಪಾ. ತಾನು ಸತ್ತಿದ್ದೇ ಅವನಿಗೆ ಗೊತ್ತಿಲ್ಲ. ಅವನ ಕಣ್ಣಿಗೆ ಗುಳ್ಳೆ ಬರ್ತಾನೇ ಇದೆ. ಗುಳ್ಳೆ ನಿಲ್ಲದೆ ಬಿಡು ಅಂತ ಹೇಗಂತಾನೆ?”

“ಮತ್ತೆ ಆ ಗಾಡಿ?”

“ಗುಜರಿಯವರು ಪೈಪು ಬಿಚ್ಚಿದ್ರು, ಆಯಿಲ್ ಪೂರ್ತಿ ಬಸಿದ್ರು. ಆದ್ರೂ ಬ್ರೇಕು ಬಿಡಲಿಲ್ಲ. ಲಾರಿಗೆ ಕಟ್ಟಿ ಎಳೆದ್ರು. ಹಗ್ಗ ಹರೀತೇ ಹೊರತು ಚಕ್ರ ಉರುಳಲಿಲ್ಲ. ಕೊನೆಗೆ ಗ್ಯಾರೇಜಿನವರು ಬೇಸತ್ತು, ಅದನ್ನ ಇದ್ದಲ್ಲೇ ಬಿಟ್ಟು ಸುತ್ತ ಗೋಡೆ ಎಬ್ಬಿಸಿದ್ರು.” ಅಜ್ಜ ತನ್ನ ಬೆನ್ನ ಹಿಂದಿನ ಇಟ್ಟಿಗೆಗಳನ್ನು ಬೆರಳಿನಿಂದ ಮೆಲ್ಲಗೆ ಸವರಿದ. “ಮಳೆ ಸ್ವಲ್ಪ ತಗ್ಗಲಿ, ನೀವೇ ಕಿವಿಗೊಡಿ. ‘ರೀ, ಎತ್ತಲಾ?’ ಅಂತ ಕೇಳ್ತಾಳೆ. ಸಾಕಮ್ಮಾ, ಎತ್ತು, ಅಂತ ನಾನು ದಿನಾ ಹೇಳ್ತೀನಿ. ನನ್ನ ಮಾತು ಅವಳಿಗೆ ಯಾಕೆ ಬೇಕು?... ಆಮೇಲೆ ಅಗೋ, ಅಲ್ಲಿ ಕೆಳಗಿನಿಂದ, ನೆಲದ ಹತ್ರದಿಂದ, ಅವನು ಎಷ್ಟು ಮೆತ್ತಗೆ ಹೇಳ್ತಾನೆ ಗೊತ್ತಾ... ‘ತಡಿಯೇ, ಇನ್ನೂ ಬರ್ತಿದೆ. ಹಿಡಿ.’”