ಇಳಿತಕ್ಕೆ ಒಂದಿಷ್ಟು ಕೆಸರು

ಹಾಂ, ಎಲ್ಲಿದ್ದೆ? ಕಟ್ಟೆ ಒಡ್ದದ್ದು. ಕುಮಟೆ ಬದಿ ನಮ್ಮ ಗಜನಿ ಗದ್ದೆ ಗೊತ್ತಲ್ಲ, ಹೊಳೆಯಂಚಿನ ತಗ್ಗು ಗದ್ದೆ, ಉಪ್ಪುನೀರಿನ ಹೊಳೆಗೂ ಗದ್ದೆಗೂ ಮಧ್ಯ ಇದ್ದದ್ದು ಆ ಮಣ್ಣಿನ ಕಟ್ಟೆ ಒಂದೇ. ಒಂದು ಮಳೆಗಾಲ ನೆರೆ ಬಂದು ದೋಣಿ ನುಗ್ಗೂವಷ್ಟು ಬಾಯಿ ಮಾಡಿ ಹೋತು. ಮತ್ತೆ ಎಂತ, ಭರತ ಬಂದು ಸಮುದ್ರ ಉಕ್ಕಿದಾಗೆಲ್ಲ ಹೊಳೆ ಗದ್ದೆ ಒಳಗೆ. ಕಗ್ಗ ಭತ್ತ ಉಪ್ಪು ತಡೀತದೆ ಹೌದು, ಹಾಂಗಂತ ಸಮುದ್ರದಲ್ಲಿ ಬೆಳೀತದಾ? ಮನೇಲಿ ಅಕ್ಕಿ ಇಲ್ಲ. ನಾನು ಹೊಳೇಲಿ ಬಳಚು ಹೆಕ್ಕಿ, ಚಿಪ್ಪಿ ಮಾರಾಯ, ಅದನ್ನ ಮಾರಿ ಗಂಜಿ ಕಾಯಿಸ್ತಿದ್ದೆ. ನಿಮ್ಮಪ್ಪ ಆಗ ಸಣ್ಣವ, ಹಸಿವು ಅಂತ ಅತ್ರೆ ನಂಗೆ ಸಿಟ್ಟೇ ಬರ್ತಿತ್ತು, ಅವನ ಮೇಲಲ್ಲ, ಆ ಹೊಳೆ ಮೇಲೆ.

ನಿಮ್ಮಜ್ಜ ಎಂತ ಮಾಡಿದ್ರು ಅಂದ್ರೆ, ಆಳು ಕರ್ದು ಒಂದೇ ದಿನ ಆಳೆತ್ತರ ಮಣ್ಣು ಪೇರಿಸಿದ್ರು. "ಆತು ನೋಡು!" ಅಂತ ಮೀಸೆ ತಿರುವಿದ್ದೇ ತಿರುವಿದ್ದು. ಹಸಿ ಮಣ್ಣು ಅಲ್ದಾ, ಒಂದೇ ಭರತಕ್ಕೆ ಕರ್ಗಿ ಹೋತು. ಕೈಚೆಲ್ಲಿ ಕೂತ್ರು. "ಮಳೆ ಹಿಡಿಯೂದ್ರೊಳಗೆ ಕಟ್ಟೆ ಆಗ್ದಿದ್ರೆ ಸಿಗಡಿ ಕೆರೆ ಮಾಡೋರಿಗೆ ಗದ್ದೆ ಕೊಟ್ಟದ್ದೇ" ಅಂದ್ರು. ಸಿಗಡಿ ಕೆರೆ ಆದ ಗದ್ದೇಲಿ ಮತ್ತೆ ಭತ್ತ ಎಲ್ಲಿ?

ನಮ್ಮತ್ತೆಗೆ ಕಣ್ಣು ಮಂಜು, ಬಾಯಿ ಮಾತ್ರ ಗಟ್ಟಿ. "ಹೆಣ್ಣೇ, ಹಾಂಗೆಲ್ಲ ಪೇರಿಸಿದ್ರೆ ನಿಲ್ಲೂದಿಲ್ಲ. ಗೂಟ ಹೊಡಿ, ತೆಂಗಿನ ಗರಿ ಮಡ್ಲು ಕಟ್ಟು. ಇಳಿತ ಆದಾಗ ಕೈಲಾದಷ್ಟು ಕೆಸರು ಹಾಕು, ತುಳಿ, ಬಿಗೀಲಿಕ್ಕೆ ಬಿಡು. ಮರುದಿನ ಮತ್ತೆ ಹೋಗು."

ಮರುದಿನ ಅಂದ್ರೆ ಬೆಳಿಗ್ಗೆ ಅಂತಲ್ಲ ಮತ್ತೆ. ಇಳಿತ ದಿನಾ ತಡ ಆಗ್ತಾ ಹೋಗ್ತದಲ್ಲ! ಇವತ್ತು ಬೆಳಿಗ್ಗೆ, ಸ್ವಲ್ಪ ದಿನ ಬಿಟ್ಟು ನಡುಮಧ್ಯಾಹ್ನ, ಸುಡು ಬಿಸಿಲು. ಅನ್ನ ಒಲೆ ಮೇಲಿದ್ರೂ ಸೈ, ಹೊಳೆ ಇಳೀತು ಅಂದ್ರೆ ಓಡ್ಬೇಕು. ಬಳಚು ಹೆಕ್ಕಿದ ಬುಟ್ಟೀಲೇ ಕೆಸರು ಹೊರೂದು. ನಿಮ್ಮಜ್ಜ ಜಗಲಿ ಮೇಲೆ ಕೂತು, "ನಿನ್ನ ಬುಟ್ಟಿಗೆ ಹೊಳೆ ಹೆದರ್ತದಾ?" ಅಂತ ನಗ್ತಿದ್ರು. ಮೈಯೆಲ್ಲ ಉರೀತಿತ್ತು ನಂಗೆ.

ಕಟ್ಟೆ ಎದೆಮಟ್ಟ ಬಂದಿತ್ತು, ಅಷ್ಟರಲ್ಲಿ ಜ್ವರ ಹಿಡೀತು. ಗಂಟು ಗಂಟು ನೋವು, ಏಳೂಕೇ ಆಗ್ಲಿಲ್ಲ. ಆಕಾಶ ಬೇರೆ ಕಪ್ಪಾಗ್ತಾ ಬಂತು. ಮಲಗಿದಲ್ಲೇ ಕಣ್ಣೀರು ಹಾಕ್ದೆ ಮಕ್ಳೇ, ಎಲ್ಲ ಹೋತು, ಗದ್ದೆ ಸಿಗಡಿಯೋರ ಪಾಲಾತು ಅಂತ. ಜ್ವರ ಬಿಟ್ಟ ದಿನ ಗೋಡೆ ಹಿಡ್ಕಂಡು ಎದ್ದು, ಕೋಲೂರ್ಕಂಡು ಹೋಗಿ ನೋಡ್ತೆ, ಕಟ್ಟೆ ಮೇಲೆ ಹಸಿ ಕೆಸರು! ಅದ್ರಲ್ಲಿ ದೊಡ್ಡ ದೊಡ್ಡ ಹೆಜ್ಜೆ. ಮನೆಗೆ ಬಂದು ನಿಮ್ಮಜ್ಜನ ಮುಖ ನೋಡ್ದೆ. ಅವ್ರು ಬೇರೆ ಕಡೆ ನೋಡ್ಕಂಡು, "ಎಂತ? ಆಚೆ ಹೋಗಿದ್ದೆ, ಹಾಂಗೇ ತುಳ್ದು ಬಂದೆ" ಅಂದ್ರು. ಕಾಲು ಮೊಣಕಾಲ್ತನಕ ಕೆಸರು, ಉಗುರಲ್ಲೂ ಕೆಸರು, ಹಾಂಗೇ ಅಂತೆ!

ಮಳೆ ಹಿಡಿಯೂದ್ರೊಳಗೆ ಕಟ್ಟೆ ಆತು. ಆ ವರ್ಷ ಬೆಳೆ ಬಂದದ್ದು ಅಷ್ಟಕ್ಕಷ್ಟೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಗದ್ದೆ ಉಳೀತು. ದಿನಾ ಮಾಡೂದು ಸಣ್ಣ ಕೆಲ್ಸವೇ ಮಕ್ಳೇ, ಆದ್ರೆ ನಿಮಗೆ ಏಳೂಕೆ ಆಗದ ದಿನ ಮನೇಲಿ ಇನ್ನೊಬ್ರು ಏಳ್ಬೇಕು. ಅಷ್ಟೆ.