ಲಾಳಿ ಓಡ್ತಾ ಇದ್ರೆ

...ನಮ್ಮ ಸೋದರಮಾವ ಗೋವಿಂದಯ್ಯ ಏನಂದ್ರು ಗೊತ್ತಾ ಡಾಕ್ಟ್ರೇ? ಅರವತ್ತೆಂಟನೇ ಇಸವೀಲಿ ನನ್ನ ಗಂಡ ತೀರಿಕೊಂಡಾಗ? "ಇವಳು ಮಗ್ಗದ ಮನೆ ನಡೆಸ್ತಾಳಂತೆ! ಆ ತಮ್ಮನ್ನ ಕಟ್ಕಂಡು!" ಈಗ ಬಂದು ನೋಡ್ಲಿ. ಜರಿ ಸುತ್ತಿ ಬರೋ ಪೇಪರ್ ಓದಿ ಅಕ್ಷರ ಕಲಿತೋಳು ನಾನು... ಯಾಕೆ ನಗ್ತೀರಿ? ಸುಳ್ಳಾ?

ತಮ್ಮ ಹೊನ್ನಯ್ಯನ ವಿಷಯ ತಾನೇ? ವಾಸಿಯಾಗಿದೆ ಬಿಡಿ. ಏನು, ಅವನ ಬಾಯಲ್ಲೇ ಕೇಳ್ಬೇಕಾ? ಅಯ್ಯೋ, ಅಕ್ಕ ನಾನು, ಅವನ ಬಾಯೂ ನಾನೇ! ಹೆಂಗಸರ ಬಚ್ಚಲಿಗೆ ಇಣುಕೋ ಚಟ... ಸರಿ, ಸರಿ. ಚಟ ಅಲ್ಲ, ಕಾಯಿಲೆ. ಬೀದಿಯೋರು ಕಂಬಕ್ಕೆ ಕಟ್ಟಿ ಹೊಡೆದಾಗ ಯಾರೂ ಕಾಯಿಲೆ ಅನ್ನಲಿಲ್ಲ. ನೀವು ಮಾತ್ರೆ ಬರಕೊಟ್ರಿ. "ಆ ಯೋಚನೆ ಎಷ್ಟು ಸಲ ಬಂತು ಅಂತ ವಾರ ವಾರ ಕೇಳಿ" ಅಂದ್ರಿ. ಥೂ! ಒಡಹುಟ್ಟಿದೋನ್ನ ಅದೆಲ್ಲ ಕೇಳೋದುಂಟಾ? ನಾನು ಮಗ್ಗದ ಸದ್ದಿಗೆ ಕಿವಿ ಇಟ್ಟೆ. ಮಗ್ಗದ ಗುಂಡೀಲಿ ಕಾಲಿಳಿಸಿ ನೇಯೋನು ಎದ್ದು ಇಣುಕೋಕಾಗ್ತದಾ? ಲಾಳಿ ಓಡ್ತಾ ಇದ್ರೆ ಸೈ. ನಿಂತ್ರೆ ನಾನು ಓಡ್ತೀನಿ.

ಕೇಳಿ... ಟಕಟಕ ಟಕಟಕ... ಹೆಂಗದೆ! ಮದುವೆ ಸೀರೆ. ಆ ಅಂಚು ಅವನ ಕೈಗಲ್ದೆ ಯಾರಿಗೂ ಬಗ್ಗಲ್ಲ. ಮೊದ್ಲೆಲ್ಲ ಮಾತ್ರೆ ನುಂಗಿ ಕೈ ನಡುಗೋದು, ಎಳೆ ಕಿತ್ತೋಗೋದು, ಮಗ್ಗದ ಮೇಲೇ ತೂಕಡಿಸೋನು. ಈಗ ನೋಡಿ...

ಏನಂದ್ರಿ? ಈಗ ಕೈ ಯಾಕೆ ನಡುಗಲ್ಲ ಅಂತಾ?

ಕೊಡ್ತೀನಿ ಸಾ, ಮಾತ್ರೆ ಕೊಡ್ತಾನೇ ಇದೀನಿ... ಕಾಫಿ ಕುಡೀರಿ, ಆರೋಗ್ತದೆ. ...ಓ. ಲಾಳಿ ಸದ್ದು ಕೇಳ್ತಾ ಇದೀರಾ.

ಮಾತ್ರೆ ನಿಲ್ಲಿಸಿದ್ದು ಮದುವೆ ಕಾಲ ಮುಗೀಲಿ ಅಂತ, ಅಷ್ಟೇ! ಆಮೇಲೆ ಕೊಡೋಣ ಅಂತ... ನನ್ನ ಸೊಂಟದ ಬೀಗದಕೈ ಯಾಕೆ ನೋಡ್ತೀರಿ? ಹೌದು, ಅವನೇ ಕೇಳ್ದ. "ಅಕ್ಕಾ, ಮತ್ತೆ ಶುರುವಾಗಿದೆ, ಮಾತ್ರೆ ಕೊಡಕ್ಕಾ" ಅಂತ ಬಾಗಿಲಲ್ಲಿ ನಿಂತು ಅತ್ತ. "ಓಗ್ಲಾ, ಕೆಲ್ಸ ಮಾಡು, ಎಲ್ಲ ಸರಿಹೋಯ್ತದೆ" ಅಂದೆ.

ರಂಗಮ್ಮನಾ? ನೂಲು ಸುತ್ತೋ ರಂಗಮ್ಮನಾ? ಮೈಗೆ ಉಷಾರಿಲ್ಲ, ಬರ್ತಿಲ್ಲ... ಯಾರು ಹೇಳಿದ್ರು ನಿಮಗೆ? ನಾನು ಯಳಂದೂರಿಗೆ ಸೀರೆ ಕೊಡೋಕೆ ಹೋಗಿದ್ದೆ. ಕಿವೀನ ಮನೇಲಿಟ್ಟು ಹೋಗ್ಲಾ? ಬಂದು ನೋಡಿದ್ರೆ ನಮ್ಮ ಬಚ್ಚಲ ಗೋಡೇಲಿ ತೂತು; ಆವಾಗ ಒಳಗಿದ್ದೋಳು ರಂಗಮ್ಮ. ತೂತಿಗೆ ನಾನೇ ಮಣ್ಣು ಮೆತ್ತಿದೆ. ಅವಳ ಮನೆಗೆ ಮಾತ್ರ... ಹೋಗಲಿಲ್ಲ.

ನನ್ನೇ ಬೈಯಿರಿ ಡಾಕ್ಟ್ರೇ.

ತಕಳಿ ಬೀಗದಕೈ. ಮಾತ್ರೆ ಪೆಟ್ಟಿಗೇಲವೆ, ನಿಲ್ಲಿಸಿದ ಮೇಲೆ ಒಂದೂ ಮುಟ್ಟಿಲ್ಲ. ನೀವೇ ಒಳಗೋಗಿ ಕೊಡಿ. ಲಾಳಿ ನಿಂತ್ರೆ ನಿಲ್ಲಲಿ.

ಆರು ಮಗ್ಗ ನಂದು. ಈ ಹೆಂಚಿನ ಮನೆ ನಂದು. ರಂಗಮ್ಮ ಈ ಹೊಸ್ತಿಲು ತುಳಿಯಲ್ಲ. ತಮ್ಮ ಈಗ ನನ್ನನ್ನ ಏನೂ ಕೇಳಲ್ಲ, ಮಾತ್ರೆ ಕೂಡ.