ಅನಿಲ ಕೊಳವೆಯ ಬಟ್ಟೆ ಬಿರಿದ ಬಗ್ಗೆ ರೇವಣಸಿದ್ದಪ್ಪ ನೀಡಿದ ಹೇಳಿಕೆ

ನನ್ನ ಹೆಸರು ಜಿ. ರೇವಣಸಿದ್ದಪ್ಪ, ವಯಸ್ಸು 71 ವರ್ಷ, ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಾಸ ಗಂಡಸಿ, ಅರಸೀಕೆರೆ ತಾಲ್ಲೂಕು. ಯಾರೂ ಕರೆಸದೆ ಪೊಲೀಸ್ ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮನೆಯ ಹಿಂದೆ ನಲವತ್ತು ಅಡಿ ದೂರದಲ್ಲಿರುವ ಕೊಬ್ಬರಿ ಶೆಡ್ಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿ, ಜವಳಿ ಎಂಜಿನಿಯರ್ ಧರ್ಮೇಶ್ (34) ಎರಡು ವರ್ಷಗಳಿಂದ ಕೆಲಸ ಮಾಡುತ್ತಿರುತ್ತಾರೆ. ದ್ರವೀಕೃತ ಅನಿಲದ ಕೊಳವೆ ಸೋರಿದಾಗ ಸುತ್ತಿ ಮುಚ್ಚಬಹುದಾದ, ಕಡುಶೀತಕ್ಕೂ ಬಿರಿಯದ ಬಟ್ಟೆಯನ್ನು ರೂಪಿಸುವುದು ಅವರ ಕೆಲಸ. ಹೊಲಿಗೆಗೆ ಇದೇ ಊರಿನ ಬಸಮ್ಮ (52) ಇರುತ್ತಾರೆ.

ದಿನಾಂಕ 11-02-2025ರಂದು ಕಂಪನಿಯೊಂದರ ಅಧಿಕಾರಿಗಳೆದುರು ಈ ಬಟ್ಟೆಯ ಪರೀಕ್ಷೆ ನಿಗದಿಯಾಗಿತ್ತು. ಧರ್ಮೇಶರ ಮನೆಯವರು ಬೌದ್ಧರು. ಶೆಡ್ಡಿನಲ್ಲಿ ಪೂಜೆ ಬೇಡವೆಂದು ಧರ್ಮೇಶ್ ಹಿಂದೆಯೇ ತಿಳಿಸಿದ್ದರು. ಆದರೂ ಬೆಳಿಗ್ಗೆ 8.10ಕ್ಕೆ, ಅವರು ಬರುವ ಮುನ್ನ, ನಾನು ಅರಿಶಿನದ ನೀರಿನ ಬಟ್ಟಲು ಹಿಡಿದು ಒಳಹೋದೆನು. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸದೆ ಬಳಕೆಗೆ ತೆಗೆಯುವ ವಾಡಿಕೆ ನಮ್ಮಲ್ಲಿಲ್ಲ. ಬಸಮ್ಮ ತಡೆದರು. ಅವರ ಮಾತನ್ನು ಇದ್ದಂತೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಬ್ಯಾಡಿ ಮೇಷ್ಟ್ರೇ, ಎರಡು ದಿನದಿಂದ ಒಣಗಿಸವ್ರೆ. ಒಂದು ಹನಿ ನೀರು ತಾಕುದ್ರೂ ಕೆಟ್ಟೋಯ್ತದೆ ಅಂದವ್ರೆ. ಇದೇನು ಮದ್ವೆ ಸೀರೆನಾ?" ಆಗಲಿ ಎಂದು ಹೇಳಿ, ಆಕೆಯನ್ನು ಕಾಫಿ ತರಲು ನನ್ನ ಮನೆಗೆ ಕಳುಹಿಸಿ, ಒಂದು ಮೂಲೆಗೆ ಅಂಗೈಯಗಲ ಹಚ್ಚಿದೆನು. ಬಟ್ಟೆಯೂ ಹಳದಿಯಾದ್ದರಿಂದ ಕಲೆ ಕಾಣಲಿಲ್ಲ.

11.20ಕ್ಕೆ ತೂತಿದ್ದ ಕೊಳವೆಗೆ ಆ ಬಟ್ಟೆಯನ್ನು ಅಂಟು ಹಾಕಿ ಸುತ್ತಿ, ದ್ರವ ನೈಟ್ರೋಜನ್ ಹಾಯಿಸಿದರು. 11.26ಕ್ಕೆ ಮೂಲೆ ಬಿರಿಯಿತು. ಚಿಮ್ಮಿದ ದ್ರವ ಧರ್ಮೇಶರ ಬಲಗೈ ಗವಸಿನೊಳಗೆ ಇಳಿದು, ಎರಡು ಬೆರಳುಗಳು ಮೇಣದಂತೆ ಬೆಳ್ಳಗಾದವು.

ಸಂಜೆ 5.40ಕ್ಕೆ ಅರಸೀಕೆರೆಯ ಆಸ್ಪತ್ರೆಯಲ್ಲಿ ಅವರ ತಮ್ಮ ರಾಹುಲ್, ಶೆಡ್ಡಿನ ಕೀಲಿ ಬಸಮ್ಮನ ಬಳಿ ಇತ್ತೆಂದೂ ಆಕೆಯ ಮೇಲೆ ದೂರು ಕೊಡುವುದಾಗಿಯೂ ಹೇಳಿದರು. ಧರ್ಮೇಶ್, "ಸುಮ್ನಿರೋ, ಬಸಮ್ಮ ಅಂಥೋರಲ್ಲ. ನನ್ನ ಲೆಕ್ಕನೇ ತಪ್ಪಿರ್ಬೇಕು. ಈ ಬಟ್ಟೆ ಕೆಲ್ಸನ ಇಲ್ಲಿಗೇ ಬಿಡ್ತೀನಿ ಕಣೋ" ಎಂದರು. ನಂತರ ನನ್ನ ಕಡೆ ತಿರುಗಿ, ಊಟವಾಯಿತೇ ಎಂದು ವಿಚಾರಿಸಿದರು. ಆಯಿತೆಂದೆ. ಆಗಿರಲಿಲ್ಲ. ಅರಿಶಿನದ ವಿಷಯ ತಿಳಿಸದೆ ಊರಿಗೆ ಮರಳಿದೆನು.

ರಾಹುಲ್ ದೂರಿನಂತೆ ಬಸಮ್ಮನನ್ನು ನಿನ್ನೆ ವಿಚಾರಣೆಗೆ ಕರೆಸಿದ ವಿಷಯ ಈ ದಿನ ಬೆಳಿಗ್ಗೆ ತಿಳಿಯಿತು. 9.00ಕ್ಕೆ ಶೆಡ್ಡಿಗೆ ಹೋಗಿ ಕೊಳವೆಯನ್ನು ಪರಿಶೀಲಿಸಿದೆನು. ನಾನು ನೀರು ಹಚ್ಚಿದ ಮೂಲೆಯೊಂದೇ ಬಿರಿದಿರುತ್ತದೆ. ಉಳಿದ ಭಾಗ ಉಗುರು ಹಾಕಿ ಕಿತ್ತರೂ ಏಳಲಿಲ್ಲ. ಧರ್ಮೇಶರ ಲೆಕ್ಕ ತಪ್ಪಿಲ್ಲ. ಬಸಮ್ಮನದೂ ಏನೂ ತಪ್ಪಿಲ್ಲ.

ಈ ಹೇಳಿಕೆಯ ಒಂದು ಪ್ರತಿಯನ್ನು ಧರ್ಮೇಶರಿಗೆ ಕೊಡಬೇಕೆಂದು ಕೋರುತ್ತೇನೆ. ಅವರ ಮುಂದೆ ನಿಂತು ಹೇಳಲು ನನ್ನಿಂದ ಆಗಿರುವುದಿಲ್ಲ.

ಮೇಲೆ ಬರೆಸಿದ್ದೆಲ್ಲವೂ ನಾನು ಮಾಡಿದ್ದು ಮತ್ತು ಕಂಡದ್ದು. ನಾನೇ ಓದಿ, ನಿಜವೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಗಂಡಸಿ
ದಿನಾಂಕ: 13-02-2025
ರುಜು: ಜಿ. ರೇವಣಸಿದ್ದಪ್ಪ